ಮಹಿಳೆಯರ ಮೂಳೆಗೆ ಬೇಕಾದಷ್ಟು ಕ್ಯಾಲ್ಸಿಯಂ: ಲೆಕ್ಕದಿಂದ ಮಾತ್ರೆಯವರೆಗೆ ಹಂತ ಹಂತವಾಗಿ

ಕ್ಯಾಲ್ಸಿಯಂ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಆಗುವ ತಪ್ಪು ಬಹುತೇಕ ಒಂದೇ ಬಗೆಯದು. ಮಂಡಿ ನೋವು ಶುರುವಾದೊಡನೆ ಔಷಧಿ ಅಂಗಡಿಯಿಂದ ಒಂದು ಸ್ಟ್ರಿಪ್ ಮಾತ್ರೆ ತರಿಸಲಾಗುತ್ತದೆ. ಅದನ್ನು ಬೆಳಗಿನ ಥೈರಾಯ್ಡ್ ಮಾತ್ರೆ, ಗ್ಯಾಸ್ ಮಾತ್ರೆ ಮತ್ತು ಕಬ್ಬಿಣಾಂಶದ ಮಾತ್ರೆಗಳ ಜೊತೆಗೇ ಖಾಲಿ ಹೊಟ್ಟೆಯಲ್ಲಿ ನುಂಗಲಾಗುತ್ತದೆ. ಎರಡು ತಿಂಗಳಾದರೂ ನೋವು ಹೋಗಲಿಲ್ಲವೆಂದು ನಿಲ್ಲಿಸಲಾಗುತ್ತದೆ. ಮಂಡಿ ನೋವಿಗೆ ಕಾರಣ ಸಾಮಾನ್ಯವಾಗಿ ಕೀಲಿನ ಸವೆತವೇ ಹೊರತು ಕ್ಯಾಲ್ಸಿಯಂ ಕೊರತೆಯಲ್ಲ. ಮೂಳೆ ತೆಳುವಾಗುವಾಗ ನೋವೇ ಇರುವುದಿಲ್ಲ. ಹೀಗಾಗಿ ನೋವನ್ನು ಅಳತೆಗೋಲಾಗಿ ಇಟ್ಟುಕೊಂಡವರು ಅಗತ್ಯವಿಲ್ಲದಾಗ ಆರಂಭಿಸಿ, ಅಗತ್ಯವಿದ್ದಾಗ ಬಿಟ್ಟಿರುತ್ತಾರೆ.

ಸರಿಯಾದ ಕ್ರಮ ಇದಕ್ಕೆ ತಿರುವುಮುರುವು: ಮೊದಲು ಅಗತ್ಯವೆಷ್ಟು ಎಂಬುದು, ಬಳಿಕ ಈಗ ಸಿಗುತ್ತಿರುವುದೆಷ್ಟು ಎಂಬುದು, ಆಮೇಲೆ ಊಟ, ಬಿಸಿಲು, ಅದರ ನಂತರವೂ ಉಳಿದ ಕೊರತೆಗೆ ಮಾತ್ರೆ. ಈ ಬರಹ ಆರೋಗ್ಯವಂತ ವಯಸ್ಕ ಮಹಿಳೆಯರಿಗಾಗಿ. ಮೂತ್ರಪಿಂಡದ ಕಾಯಿಲೆ ಇರುವವರು, ಕಲ್ಲಿನ ತೊಂದರೆ ಪದೇ ಪದೇ ಬರುವವರು, ಪ್ಯಾರಾಥೈರಾಯ್ಡ್ ಗ್ರಂಥಿಯ ತೊಂದರೆಯುಳ್ಳವರು ಮತ್ತು ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ತಮ್ಮ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಮೊದಲೇ ಹೊಂದಿಸಿಕೊಳ್ಳಬೇಕಾದವು

200 ಮಿ.ಲೀ. ಗುರುತಿರುವ ಒಂದು ಅಳತೆ ಲೋಟ, ಅಡುಗೆಮನೆಯ ಚಿಕ್ಕ ತಕ್ಕಡಿ, ಒಂದು ನೋಟ್‌ಬುಕ್, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳು, ಎತ್ತರ ಅಳೆಯಲು ಟೇಪು. ಗರ್ಭಕೋಶದ ಶಸ್ತ್ರಚಿಕಿತ್ಸೆ ಆಗಿದ್ದರೆ ಆಸ್ಪತ್ರೆಯಿಂದ ಬರುವಾಗ ಕೊಟ್ಟ ಡಿಸ್ಚಾರ್ಜ್ ಸಮ್ಮರಿಯನ್ನೂ ಹುಡುಕಿ ತೆಗೆದಿಡಿ. ಅದು ಏಕೆಂಬುದು ಮೊದಲ ಹಂತದಲ್ಲೇ ತಿಳಿಯುತ್ತದೆ.

ಹಂತ 1: ನಿಮ್ಮ ಅಗತ್ಯದ ಅಂಕಿಯನ್ನು ಬರೆದುಕೊಳ್ಳಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ ವಯಸ್ಕ ಮಹಿಳೆಗೆ ದಿನಕ್ಕೆ 1,000 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. ಗರ್ಭಿಣಿಗೂ ಅಷ್ಟೇ. ಹಾಲೂಡಿಸುವ ತಾಯಿಗೆ ಮತ್ತು ಮುಟ್ಟು ನಿಂತ ಮಹಿಳೆಗೆ 1,200 ಮಿ.ಗ್ರಾಂ. ಹದಿನಾರರಿಂದ ಹದಿನೆಂಟು ವಯಸ್ಸಿನ ಹುಡುಗಿಗೆ 1,050 ಮಿ.ಗ್ರಾಂ. ಹಳೆಯ ಕರಪತ್ರಗಳಲ್ಲಿ ವಯಸ್ಕರಿಗೆ 600 ಮಿ.ಗ್ರಾಂ ಸಾಕೆಂದು ಬರೆದಿರುವುದು ಕಾಣಬಹುದು. ಅದು 2010ರ ಶಿಫಾರಸು, ಈಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

ಇಲ್ಲಿ ಹಲವರು ಎಡವುವುದು ಮುಟ್ಟು ನಿಂತ ವಯಸ್ಸನ್ನು ಗುರುತಿಸುವುದರಲ್ಲಿ. ಮುಟ್ಟು ಸಹಜವಾಗಿ ನಿಂತಾಗ, ಅಂಡಾಶಯಗಳು ತಯಾರಿಸುವ, ಮೂಳೆಯನ್ನು ಕಾಯುವ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿಯುತ್ತದೆ, ಮುಂದಿನ ಕೆಲವು ವರ್ಷಗಳಲ್ಲಿ ಮೂಳೆ ಅತಿ ವೇಗವಾಗಿ ಸವೆಯುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಗರ್ಭಕೋಶವನ್ನಷ್ಟೇ ತೆಗೆದಿದ್ದರೆ ಅಂಡಾಶಯಗಳು ಇನ್ನೂ ಕೆಲಸ ಮಾಡುತ್ತಿರುತ್ತವೆ. ಎರಡೂ ಅಂಡಾಶಯಗಳನ್ನು ತೆಗೆದಿದ್ದರೆ ಆಕೆಗೆ ಮೂವತ್ತೈದು ವಯಸ್ಸಾಗಿದ್ದರೂ ಮೂಳೆಯ ಮಟ್ಟಿಗೆ ಮುಟ್ಟು ನಿಂತಂತೆಯೇ. "ಗರ್ಭಕೋಶ ತೆಗೆಸಿದ್ದೇವೆ" ಎಂಬುದಷ್ಟೇ ನೆನಪಿದ್ದು ಅಂಡಾಶಯದ ವಿಷಯ ತಿಳಿಯದ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ ಮಂದಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಅದು ಬರೆದಿರುತ್ತದೆ. ಓದಲು ಬಾರದಿದ್ದರೆ ವೈದ್ಯರಿಗೆ ತೋರಿಸಿ, ಇದೊಂದೇ ಪ್ರಶ್ನೆ ಕೇಳಿ. ಎರಡೂ ತೆಗೆದಿದ್ದರೆ ನಿಮ್ಮ ಅಂಕಿ 1,200. ಇಷ್ಟು ಚಿಕ್ಕ ವಯಸ್ಸಿನಲ್ಲಿ ಹಾಗಾಗಿದ್ದರೆ ಹಾರ್ಮೋನ್ ಚಿಕಿತ್ಸೆ ಬೇಕೇ ಎಂಬುದನ್ನೂ ಅದೇ ಭೇಟಿಯಲ್ಲಿ ಕೇಳುವುದು ಒಳ್ಳೆಯದು.

ಹಂತ 2: ಮೂರು ದಿನದ ಊಟವನ್ನು ಅಳೆಯಿರಿ

ಎರಡು ಸಾಮಾನ್ಯ ದಿನ, ಒಂದು ರಜೆಯ ದಿನ ಸಾಕು. ತಿಂದದ್ದೆಲ್ಲ ಬರೆಯಬೇಕಾಗಿಲ್ಲ, ಹಾಲು, ಮೊಸರು, ಪನೀರ್, ರಾಗಿ, ಕಾಳು, ಸೊಪ್ಪು, ಎಳ್ಳು, ಮುಳ್ಳುಸಹಿತ ತಿಂದ ಸಣ್ಣ ಮೀನು, ಇಷ್ಟನ್ನು ಅಳತೆಯೊಂದಿಗೆ ಬರೆದರೆ ಲೆಕ್ಕದ ಬಹುಪಾಲು ಮುಗಿಯುತ್ತದೆ. ಧಾನ್ಯಗಳನ್ನೂ ಸೊಪ್ಪನ್ನೂ ಬೇಯಿಸುವ ಮೊದಲಿನ ತೂಕದಲ್ಲಿ ಬರೆಯಿರಿ.

ಅಂದಾಜಿಗೆ ಬೇಕಾದ ಅಂಕಿಗಳು ಇವು:

- ಹಾಲು, 200 ಮಿ.ಲೀ.: ಸುಮಾರು 240 ಮಿ.ಗ್ರಾಂ. ಹಸುವಿನದಾಗಲಿ, ಎಮ್ಮೆಯದಾಗಲಿ, ಕೆನೆ ತೆಗೆದದ್ದಾಗಲಿ ಹೆಚ್ಚು ವ್ಯತ್ಯಾಸವಿಲ್ಲ.
- ಗಟ್ಟಿ ಮೊಸರು, 150 ಗ್ರಾಂ ಬಟ್ಟಲು: ಸುಮಾರು 180.
- ರಾಗಿ ಹಿಟ್ಟು, 75 ಗ್ರಾಂ: ಸುಮಾರು 270.
- ನುಗ್ಗೆ ಸೊಪ್ಪು, 50 ಗ್ರಾಂ: ಸುಮಾರು 155. ಮೆಂತ್ಯ ಸೊಪ್ಪು, ಅಷ್ಟೇ ತೂಕ: ಸುಮಾರು 135.
- ಹುರುಳಿ, 30 ಗ್ರಾಂ: ಸುಮಾರು 80.
- ಸಿಪ್ಪೆ ಸಹಿತ ಎಳ್ಳು, 10 ಗ್ರಾಂ: ಸುಮಾರು 130.
- ಪನೀರ್, 50 ಗ್ರಾಂ: 200ರ ಮೇಲೆ.
- ತೊಗರಿಬೇಳೆ, 30 ಗ್ರಾಂ: ಸುಮಾರು 20.
- ಗೋಧಿ ಹಿಟ್ಟು ಅಥವಾ ಜೋಳದ ಹಿಟ್ಟು, 100 ಗ್ರಾಂ: ಸುಮಾರು 30. ಪಾಲಿಶ್ ಅಕ್ಕಿ, 100 ಗ್ರಾಂ: 10ರ ಒಳಗೆ.
- ತುಪ್ಪ, ಬೆಣ್ಣೆ, ಕೆನೆ: ಲೆಕ್ಕಕ್ಕೆ ಬರುವಷ್ಟಿಲ್ಲ.

ಈಗ ಒಂದು ಸಾಧಾರಣ ದಿನವನ್ನು ಲೆಕ್ಕ ಹಾಕೋಣ. ಬೆಳಿಗ್ಗೆ ಮತ್ತು ಸಂಜೆ ತಲಾ ಒಂದು ಕಾಫಿ, ಮೂರು ಇಡ್ಲಿ, ಮಧ್ಯಾಹ್ನ ಅನ್ನ ಹುಳಿ ಪಲ್ಯ, ರಾತ್ರಿ ಎರಡು ಚಪಾತಿ, ಕೊನೆಯಲ್ಲಿ ಸ್ವಲ್ಪ ಮೊಸರನ್ನ. ಎರಡು ಕಾಫಿಯಲ್ಲಿ ಒಟ್ಟು 120 ಮಿ.ಲೀ. ಹಾಲಿದ್ದರೆ 140 ಮಿ.ಗ್ರಾಂ, ಅರ್ಧ ಬಟ್ಟಲು ಮೊಸರಿನಿಂದ 90, ಬೇಳೆ, ತರಕಾರಿ, ಅಕ್ಕಿ, ಗೋಧಿ ಎಲ್ಲ ಕೂಡಿ ಸುಮಾರು 150. ಒಟ್ಟು 400 ಕೂಡ ಮುಟ್ಟುವುದಿಲ್ಲ. ಇದು ಯಾರೂ ಕಳಪೆಯೆನ್ನದ ಹೊಟ್ಟೆ ತುಂಬ ಊಟ, ಆದರೂ ಅಗತ್ಯದ ಅರ್ಧಕ್ಕಿಂತ ಕಡಿಮೆ.

ಈ ಹಂತದಲ್ಲಿ ಎರಡು ತಪ್ಪುಗಳನ್ನು ನೋಡಿಕೊಳ್ಳಿ. ಮೊದಲನೆಯದು, "ದಿನಾ ಮೂರು ಸಲ ಹಾಲು ಕುಡಿಯುತ್ತೇನೆ" ಎಂದು ಕಾಫಿಯನ್ನು ಹಾಲಿನ ಲೆಕ್ಕಕ್ಕೆ ಪೂರ್ತಿಯಾಗಿ ಸೇರಿಸುವುದು. ಲೋಟಕ್ಕೆ ಸುರಿಯುವ ಮುನ್ನ ಹಾಲನ್ನು ಒಮ್ಮೆ ಅಳೆದು ನೋಡಿ. ಎರಡನೆಯದು, ಮನೆಗೆ ದಿನಕ್ಕೆ ಒಂದು ಲೀಟರ್ ಹಾಲು ಬರುತ್ತದೆ ಎಂಬುದನ್ನೇ ತನ್ನ ಲೆಕ್ಕವೆಂದು ಭಾವಿಸುವುದು. ಮಕ್ಕಳಿಗೆ, ಗಂಡನಿಗೆ, ಬಂದವರ ಕಾಫಿಗೆ ಹೋಗಿ, ಕೊನೆಯಲ್ಲಿ ಬಡಿಸಿದವಳ ಬಟ್ಟಲಿಗೆ ಬೀಳುವುದು ನೀರು ಬೆರೆಸಿದ ಮಜ್ಜಿಗೆ. ಆ ಮಜ್ಜಿಗೆಯಲ್ಲಿ ಎಷ್ಟು ಮೊಸರಿತ್ತೋ ಅಷ್ಟಕ್ಕೆ ಮಾತ್ರ ಕ್ಯಾಲ್ಸಿಯಂ.

ಹಂತ 3: ಕೊರತೆಯನ್ನು ಊಟದಲ್ಲಿಯೇ ತುಂಬಿಸಿ

ಹೊಸ ಅಡುಗೆ ಕಲಿಯುವ ಅಗತ್ಯವಿಲ್ಲ. ಮೇಲಿನ ದಿನದಲ್ಲೇ ರಾತ್ರಿಯ ಚಪಾತಿಯ ಬದಲು 75 ಗ್ರಾಂ ಹಿಟ್ಟಿನ ರಾಗಿ ಮುದ್ದೆ ಅಥವಾ ರೊಟ್ಟಿ ಮಾಡಿ, ಮೊಸರನ್ನು ಅರ್ಧ ಬಟ್ಟಲಿನಿಂದ ಒಂದು ಬಟ್ಟಲಿಗೆ ಏರಿಸಿ, ದಿನದಲ್ಲಿ ಯಾವಾಗಲಾದರೂ ಒಂದು ಲೋಟ ಹಾಲು ಸೇರಿಸಿದರೆ ಒಟ್ಟು 950ರ ಹತ್ತಿರ ಬರುತ್ತದೆ. ಒಂದು ಹೊತ್ತಿಗೆ ನುಗ್ಗೆ ಅಥವಾ ಮೆಂತ್ಯ ಸೊಪ್ಪು ಸೇರಿದ ದಿನ 1,000 ದಾಟುತ್ತದೆ. ಒಮ್ಮೆಗೇ ತುಂಬಿಸಲು ಹೋಗಬೇಡಿ. ಕರುಳು ಒಂದು ಸಲಕ್ಕೆ ಸುಮಾರು 500 ಮಿ.ಗ್ರಾಂವರೆಗಿನ ಕ್ಯಾಲ್ಸಿಯಂ ಅನ್ನು ಚೆನ್ನಾಗಿ ಹೀರುತ್ತದೆ, ಅದಕ್ಕಿಂತ ಹೆಚ್ಚಾದಂತೆ ಹೀರುವ ಪಾಲು ಇಳಿಯುತ್ತದೆ. ಮೂರು ಹೊತ್ತಿಗೂ ಹಂಚಿದರೆ ಅಷ್ಟೇ ಆಹಾರದಿಂದ ಹೆಚ್ಚು ಸಿಗುತ್ತದೆ.

*ರಾಗಿಯ ವಿಷಯ.* ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿ, ಜೋಳ ಯಾವುದೂ ಇದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂನ ಒಂದು ಭಾಗವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿದರೆ ಅದು ಕಡಿಮೆಯಾಗುತ್ತದೆ. ರಾಗಿಯನ್ನು ತೊಳೆದು ರಾತ್ರಿಯಿಡೀ ನೆನೆಸಿ, ನೀರು ಬಸಿದು, ತೆಳು ಬಟ್ಟೆಯಲ್ಲಿ ಕಟ್ಟಿಟ್ಟು, ಒಂದೆರಡು ದಿನದಲ್ಲಿ ಮೊಳಕೆ ಬಂದ ಮೇಲೆ ನೆರಳಿನಲ್ಲಿ ಪೂರ್ತಿ ಒಣಗಿಸಿ, ಹದವಾಗಿ ಹುರಿದು ಬೀಸಿಸಬೇಕು. ಬಟ್ಟೆ ಬಿಚ್ಚಿದಾಗ ಮುಗ್ಗಲು ವಾಸನೆ ಬಂದರೆ ಅಥವಾ ಬೂಷ್ಟು ಕಂಡರೆ ಪೂರ್ತಿ ಎಸೆಯಿರಿ. ಹುರಿದರೆ ಸರಿಹೋಗುತ್ತದೆ ಎಂಬುದು ಸುಳ್ಳು.

ಕ್ಯಾಲ್ಸಿಯಂನ ಬಹುಪಾಲು ಇರುವುದು ರಾಗಿಯ ಹೊರಪದರದಲ್ಲಿ. ಹಿಟ್ಟನ್ನು ತೆಳು ಬಟ್ಟೆಯಲ್ಲಿ ಸೋಸಿ ನುಣ್ಣಗೆ ಮಾಡಿದಷ್ಟೂ ಅದು ತೌಡಿನ ಜೊತೆ ಹೊರಗೆ ಹೋಗುತ್ತದೆ. ಮಗುವಿನ ಸರಿಗೆ ಸೋಸುವುದು ಬೇರೆ ಮಾತು. ದೊಡ್ಡವರ ಮುದ್ದೆಗೆ ಸೋಸದ ಹಿಟ್ಟೇ ಇರಲಿ. ಸಕ್ಕರೆ ಕಾಯಿಲೆ ಇರುವವರು ತೆಳು ರಾಗಿ ಗಂಜಿಗಿಂತ ಸೊಪ್ಪಿನ ಸಾರಿನ ಜೊತೆ ಮುದ್ದೆಯನ್ನೋ ರೊಟ್ಟಿಯನ್ನೋ ಆರಿಸಿಕೊಳ್ಳುವುದು ಲೇಸು, ಏಕೆಂದರೆ ಗಂಜಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಅಂಗಡಿಯ ಮಾಲ್ಟ್ ಪುಡಿ ಕೊಳ್ಳುವವರು ಡಬ್ಬಿಯ ಹಿಂಬದಿ ನೋಡಿ: ಪಟ್ಟಿಯ ಮೊದಲ ಪದಾರ್ಥ ಸಕ್ಕರೆಯಾಗಿದ್ದರೆ ಅದನ್ನು ರಾಗಿಯ ಲೆಕ್ಕದಲ್ಲಿ ಬರೆಯಬೇಡಿ.

*ಸೊಪ್ಪಿನ ಆಯ್ಕೆ.* ಪಟ್ಟಿಯಲ್ಲಿ ಅಂಕಿ ದೊಡ್ಡದಿದ್ದ ಮಾತ್ರಕ್ಕೆ ದೇಹಕ್ಕೆ ಅಷ್ಟೂ ಸಿಗುವುದಿಲ್ಲ. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವ ಆಕ್ಸಲೇಟ್ ಎಂಬ ಅಂಶ ಬಹಳವಿರುವುದರಿಂದ ಅದರ ಕ್ಯಾಲ್ಸಿಯಂನಲ್ಲಿ ದೇಹ ಹೀರುವುದು ನೂರಕ್ಕೆ ಐದರಷ್ಟು ಮಾತ್ರ. ಹಾಲಿನಿಂದ ಸುಮಾರು ಮೂವತ್ತರಷ್ಟು ಸಿಗುತ್ತದೆ. ದಂಟು, ಹರಿವೆ, ಬಸಳೆಗಳಲ್ಲಿಯೂ ಆಕ್ಸಲೇಟ್ ಹೆಚ್ಚು. ಅವನ್ನು ಬಿಡಬೇಕಾಗಿಲ್ಲ, ಕಬ್ಬಿಣಾಂಶಕ್ಕೆ ಮತ್ತು ಬೇರೆ ಪೋಷಕಾಂಶಗಳಿಗೆ ತಿನ್ನಿ. ಕ್ಯಾಲ್ಸಿಯಂನ ಲೆಕ್ಕಕ್ಕೆ ಮಾತ್ರ ನುಗ್ಗೆ, ಮೆಂತ್ಯ ಮತ್ತು ತರಕಾರಿ ಅಂಗಡಿಯಲ್ಲೇ ಕಿತ್ತೆಸೆಯುವ ಮೂಲಂಗಿ ಸೊಪ್ಪನ್ನು ನಂಬಿ. ಸೊಪ್ಪು ಬೇಯಿಸಿ ನೀರು ಬಸಿದರೆ ಕರಗುವ ಆಕ್ಸಲೇಟ್‌ನ ಒಂದಷ್ಟು ಭಾಗ ಹೋಗುತ್ತದೆ. ಬಸ್ಸಾರಿನಲ್ಲಿ ನಾವು ಆ ಬಸಿದ ನೀರನ್ನೇ ಸಾರು ಮಾಡುವುದರಿಂದ ಆಕ್ಸಲೇಟ್ ಮನೆ ಬಿಟ್ಟು ಹೋಗುವುದಿಲ್ಲ. ಆಕ್ಸಲೇಟ್ ಕಲ್ಲು ಆಗಿದ್ದವರು ದಂಟು ಸೊಪ್ಪಿನ ಬಸ್ಸಾರಿನ ವಿಷಯದಲ್ಲಿ ಇದನ್ನು ನೆನಪಿಡಬೇಕು.

ಕಲ್ಲಿನ ಭಯದಿಂದ ಹಾಲು ಮೊಸರನ್ನೇ ಬಿಟ್ಟವರು ಬಹಳ ಮಂದಿ. ಇದು ವಿರುದ್ಧ ಫಲ ಕೊಡುತ್ತದೆ. ಊಟದ ಜೊತೆಗಿನ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದು ಮಲದ ಮೂಲಕ ಹೊರಹಾಕುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಆ ಆಕ್ಸಲೇಟ್ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಬರುತ್ತದೆ. ಕಲ್ಲಿನ ಅಪಾಯವನ್ನು ಹೆಚ್ಚಿಸಬಲ್ಲದ್ದು ಊಟದಿಂದ ಬೇರೆಯಾಗಿ ನುಂಗುವ ಮಾತ್ರೆ.

*ಎಳ್ಳಿನ ಮೋಸ.* ಎಳ್ಳಿನ ಕ್ಯಾಲ್ಸಿಯಂ ಬಹುತೇಕ ಸಿಪ್ಪೆಯಲ್ಲಿದೆ. ಅಂಗಡಿಯಲ್ಲಿ ಮುತ್ತಿನಂತೆ ಬೆಳ್ಳಗೆ ಹೊಳೆಯುವ, ಸಿಪ್ಪೆ ತೆಗೆದ ಎಳ್ಳಿನಲ್ಲಿ ಅದರ ಬಹುಪಾಲು ಉಳಿದಿರುವುದಿಲ್ಲ. ಕರಿ ಎಳ್ಳು ಅಥವಾ ಮಾಸಲು ಬಣ್ಣದ ನಾಟಿ ಎಳ್ಳನ್ನು ಕೊಂಡು, ಹುರಿದು ಪುಡಿ ಮಾಡಿ ಬಳಸಿ. ಇಡಿಯಾಗಿ ತಿಂದರೆ ಅಗಿಯದ ಕಾಳು ಹಾಗೆಯೇ ಹೊರಹೋಗುತ್ತದೆ. ಸಿಪ್ಪೆಯ ಕ್ಯಾಲ್ಸಿಯಂನಲ್ಲಿಯೂ ಒಂದು ಪಾಲು ಆಕ್ಸಲೇಟ್‌ನ ಜೊತೆಗಿರುವುದರಿಂದ ಎಳ್ಳೊಂದನ್ನೇ ನೆಚ್ಚಿ ಕೂರುವಂತಿಲ್ಲ.

*ಊರಿನಿಂದ ಊರಿಗೆ.* ಹಳೆ ಮೈಸೂರು ಭಾಗದವರಿಗೆ ರಾಗಿ ಕೈಯಲ್ಲೇ ಇದೆ, ಪಡಿತರದಲ್ಲಿಯೂ ಸಿಗುತ್ತದೆ. ಉತ್ತರ ಕರ್ನಾಟಕದ ಜೋಳದ ರೊಟ್ಟಿಯಲ್ಲಿ ನಾರು ಚೆನ್ನಾಗಿದೆ, ಕ್ಯಾಲ್ಸಿಯಂ ಬಹಳ ಕಡಿಮೆ. ಅಲ್ಲಿ ರೊಟ್ಟಿಯ ಪಕ್ಕದ ಗಟ್ಟಿ ಮೊಸರು, ಎಳ್ಳಿನ ಹಿಂಡಿ, ಮೆಂತ್ಯ ಪಲ್ಲೆ ಮತ್ತು ಹುರುಳಿಯೇ ಆಧಾರ, ಆದ್ದರಿಂದ ಅವು ನಂಜಿಕೊಳ್ಳುವಷ್ಟಲ್ಲದೆ ಬಟ್ಟಲಿನಷ್ಟು ಇರಬೇಕು. ಕರಾವಳಿಯ ಕುಚ್ಚಲಕ್ಕಿಯೂ ಈ ವಿಷಯದಲ್ಲಿ ಬಡವೇ. ಅಲ್ಲಿ ಮೀನು ತಿನ್ನುವವರು ಬೂತಾಯಿಯಂತಹ ಮೀನನ್ನು ಮುಳ್ಳು ಮೆತ್ತಗಾಗುವಷ್ಟು ಬೇಯಿಸಿ ಮುಳ್ಳುಸಹಿತ ತಿಂದರೆ ಮಾತ್ರ ಕ್ಯಾಲ್ಸಿಯಂ ಲೆಕ್ಕಕ್ಕೆ ಬರುತ್ತದೆ. ಮುಳ್ಳು ಬಿಡಿಸಿ ತಿಂದ ಅಂಜಲಿನಿಂದ ಪ್ರೋಟೀನ್ ಸಿಗುತ್ತದೆ, ಅಷ್ಟೇ.

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು ಮೊಸರನ್ನು ಸಾಮಾನ್ಯವಾಗಿ ತಡೆದುಕೊಳ್ಳುತ್ತಾರೆ. ಹಾಲಿನ ಪದಾರ್ಥಗಳನ್ನೇ ಮುಟ್ಟದವರು ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲು ಕೊಳ್ಳಬಹುದು, ಆದರೆ ಸೇರಿಸಿದ ಕ್ಯಾಲ್ಸಿಯಂ ಡಬ್ಬಿಯ ತಳಕ್ಕೆ ಇಳಿಯುತ್ತದೆ, ಪ್ರತಿ ಸಲ ಚೆನ್ನಾಗಿ ಕುಲುಕಬೇಕು. ಇಂಥವರು ಊಟದಿಂದಲೇ 1,200 ಮುಟ್ಟುವುದು ಕಷ್ಟ. ಆರನೆಯ ಹಂತ ಅವರಿಗೆ ಬೇಕಾಗುತ್ತದೆ.

ಎಲೆ ಅಡಿಕೆಗೆ ಹಚ್ಚುವ ಸುಣ್ಣವನ್ನು ಗೋಧಿ ಕಾಳಿನಷ್ಟು ಮೊಸರಿನಲ್ಲಿ ಕಲಸಿ ತಿನ್ನಿರೆಂಬ ಸಲಹೆ ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತದೆ. ಅದರ ಪ್ರಮಾಣ ಯಾರಿಗೂ ತಿಳಿಯದು, ಶುದ್ಧತೆಯೂ ತಿಳಿಯದು, ಬಾಯಿ ಮತ್ತು ಅನ್ನನಾಳವನ್ನು ಸುಡಬಲ್ಲದು. ಮಾಡಬೇಡಿ.

ಹಂತ 4: ಸೋರಿಕೆಯನ್ನು ತಡೆಯಿರಿ

ಉಪ್ಪು ಹೆಚ್ಚಾದಷ್ಟೂ ಮೂತ್ರದ ಮೂಲಕ ಕ್ಯಾಲ್ಸಿಯಂ ಹೋಗುತ್ತದೆ. ಸುಮಾರು ಆರು ಗ್ರಾಂ ಉಪ್ಪಿನೊಂದಿಗೆ 40 ಮಿ.ಗ್ರಾಂನಷ್ಟು. ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರ, ಚಟ್ನಿಪುಡಿ ನಾಲ್ಕೂ ಒಂದೇ ದಿನ ಬೇಡ. ಕಾಫಿಯ ಬಗ್ಗೆ ಜನರಿಗಿರುವ ಭಯ ಮಾತ್ರ ಅತಿಯಾದದ್ದು: ಒಂದು ಲೋಟಕ್ಕೆ ಹೋಗುವುದು ಎರಡು ಮೂರು ಮಿ.ಗ್ರಾಂ, ಅದರಲ್ಲಿನ ಹಾಲೇ ಅದನ್ನು ತುಂಬಿಸಿಕೊಡುತ್ತದೆ.

ಹಂತ 5: ವಿಟಮಿನ್ ಡಿ ಇಲ್ಲದೆ ಮುಂದೆ ಹೋಗಬೇಡಿ

ಕರುಳು ಕ್ಯಾಲ್ಸಿಯಂ ಹೀರಬೇಕಾದರೆ ವಿಟಮಿನ್ ಡಿ ಬೇಕೇ ಬೇಕು. ಬೆಳಗಿನ ಆರೂವರೆಯ ಎಳೆ ಬಿಸಿಲಿನಲ್ಲಿ ನಡೆಯುವುದು ಮೈಗೆ ಹಿತ, ಆದರೆ ಆ ಹೊತ್ತಿನಲ್ಲಿ ವಿಟಮಿನ್ ಡಿ ತಯಾರಿಸುವ ಕಿರಣ ನೆಲಕ್ಕೆ ಬರುವುದೇ ಇಲ್ಲವೆನ್ನುವಷ್ಟು ಕಡಿಮೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತು, ಅಂದರೆ ಸರಿಸುಮಾರು ಹತ್ತರಿಂದ ಮೂರರ ನಡುವೆ, ತೋಳು, ಮುಖ ಮತ್ತು ಸಾಧ್ಯವಾದರೆ ಕಾಲಿಗೆ ಬಿಸಿಲು ಬೀಳುವಂತೆ ಇಪ್ಪತ್ತರಿಂದ ಮೂವತ್ತು ನಿಮಿಷ, ವಾರದಲ್ಲಿ ಹಲವು ದಿನ ಇರಬೇಕು. ಕಿಟಕಿಯ ಗಾಜಿನೊಳಗಿಂದ ಬರುವ ಬಿಸಿಲಿನಿಂದ ಪ್ರಯೋಜನವಿಲ್ಲ. ಬಟ್ಟೆ ಒಣಗಿಸುವ, ಹಪ್ಪಳ ಹರಡುವ ಕೆಲಸವನ್ನು ಈ ಹೊತ್ತಿಗೆ ಇಟ್ಟುಕೊಂಡರೆ ಬೇರೆ ಸಮಯ ಹುಡುಕಬೇಕಾಗಿಲ್ಲ. ಬ್ರಿಟನ್, ಕೆನಡಾದಂತಹ ಉತ್ತರದ ದೇಶಗಳಲ್ಲಿ ನೆಲೆಸಿರುವವರಿಗೆ ಚಳಿಗಾಲದ ತಿಂಗಳುಗಳಲ್ಲಿ ಬಿಸಿಲಿನಿಂದ ಇದು ಸಾಧ್ಯವೇ ಇಲ್ಲ, ಅವರು ಪೂರಕ ಮಾತ್ರೆಯ ಮೊರೆ ಹೋಗಲೇಬೇಕು.

ಇಡೀ ಮಾರ್ಗದರ್ಶಿಯಲ್ಲಿ ಅತ್ಯಂತ ಅಪಾಯದ ತಪ್ಪು ನಡೆಯುವುದು ಇಲ್ಲಿ. ವೈದ್ಯರು 60,000 ಯೂನಿಟ್‌ನ ವಿಟಮಿನ್ ಡಿ ಸ್ಯಾಶೆ ಅಥವಾ ಕ್ಯಾಪ್ಸೂಲನ್ನು ವಾರಕ್ಕೊಂದರಂತೆ ಕೆಲವು ವಾರಗಳಿಗೆ ಬರೆದಿರುತ್ತಾರೆ. ಚೀಟಿಯನ್ನು ಸರಿಯಾಗಿ ನೋಡದೆ ಅದನ್ನು ದಿನಾ ತಿಂದವರಿದ್ದಾರೆ. ಕೋರ್ಸ್ ಮುಗಿದ ಮೇಲೂ ಅದೇ ಚೀಟಿ ತೋರಿಸಿ ವರ್ಷಗಟ್ಟಲೆ ಕೊಂಡವರಿದ್ದಾರೆ. ಹೆಚ್ಚಾದ ವಿಟಮಿನ್ ಡಿ ದೇಹದ ಕೊಬ್ಬಿನಲ್ಲಿ ಕೂತು ತಿಂಗಳುಗಟ್ಟಲೆ ರಕ್ತದ ಕ್ಯಾಲ್ಸಿಯಂ ಅನ್ನು ಏರಿಸುತ್ತಾ ಮೂತ್ರಪಿಂಡವನ್ನು ಕೆಡಿಸಬಲ್ಲದು. ಕೊನೆಯ ಡೋಸ್‌ನ ತಾರೀಕನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಅಲ್ಲಿಗೆ ನಿಲ್ಲಿಸಿ.

ಹಂತ 6: ಉಳಿದ ಕೊರತೆಗೆ ಮಾತ್ರ ಮಾತ್ರೆ

ಊಟದಿಂದ 700 ಸಿಗುತ್ತಿದ್ದು ಅಗತ್ಯ 1,200 ಆಗಿದ್ದರೆ ಕೊರತೆ 500. ಅಷ್ಟನ್ನೇ ತುಂಬಿಸಬೇಕು, ಊಟದಲ್ಲಿ 1,000 ಸಿಗುತ್ತಿರುವಾಗ ಮತ್ತೆ ಎರಡು ಮಾತ್ರೆ ಸೇರಿಸುವುದರಿಂದ ಮೂಳೆ ಹೆಚ್ಚು ಗಟ್ಟಿಯಾಗುವುದಿಲ್ಲ. ಊಟ ಮತ್ತು ಮಾತ್ರೆ ಕೂಡಿ ದಿನಕ್ಕೆ 2,000 ಮಿ.ಗ್ರಾಂ ದಾಟದಂತೆ ನೋಡಿಕೊಳ್ಳಿ.

ಸ್ಟ್ರಿಪ್ಪಿನ ಮುಂಬದಿಯ ದೊಡ್ಡ ಅಂಕಿಯನ್ನು ನಂಬಬೇಡಿ. ಹಿಂಬದಿಯಲ್ಲಿ "ಎಲಿಮೆಂಟಲ್ ಕ್ಯಾಲ್ಸಿಯಂ" ಎಂದು ಬರೆದಿರುವುದೇ ನಿಮಗೆ ಬೇಕಾದ ಅಂಕಿ. 1,250 ಮಿ.ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ನಲ್ಲಿ 500 ಮಿ.ಗ್ರಾಂ ಕ್ಯಾಲ್ಸಿಯಂ ಇರುತ್ತದೆ, 1,000 ಮಿ.ಗ್ರಾಂ ಕ್ಯಾಲ್ಸಿಯಂ ಸಿಟ್ರೇಟ್‌ನಲ್ಲಿ ಸುಮಾರು 210 ಮಾತ್ರ. ಮಕ್ಕಳು ಅಮೆರಿಕದಿಂದ ತಂದುಕೊಟ್ಟ ದೊಡ್ಡ ಬಾಟಲಿಗಳಲ್ಲಿ ಇನ್ನೊಂದು ತೊಡಕಿದೆ: ಅಲ್ಲಿ ಬರೆದ ಅಂಕಿ ಎಷ್ಟೋ ಸಲ ಎರಡು ಮಾತ್ರೆಗೆ ಸೇರಿದ್ದು, ಒಂದಕ್ಕಲ್ಲ. "ಸರ್ವಿಂಗ್ ಸೈಜ್", ಅಂದರೆ ಒಂದು ಸಲದ ಪ್ರಮಾಣ, ಎಂಬ ಸಾಲನ್ನು ಮೊದಲು ಓದಿ.

ಕಾರ್ಬೊನೇಟ್ ಕರಗಲು ಜಠರದ ಆಮ್ಲ ಬೇಕು, ಆದ್ದರಿಂದ ಊಟದ ಜೊತೆ ಅಥವಾ ಊಟವಾದೊಡನೆ ತೆಗೆದುಕೊಳ್ಳಬೇಕು. ಸಿಟ್ರೇಟನ್ನು ಯಾವಾಗ ಬೇಕಾದರೂ ತೆಗೆದುಕೊಳ್ಳಬಹುದು. ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂತಹ ಗ್ಯಾಸ್ ಮಾತ್ರೆ ತಿನ್ನುವವರಲ್ಲಿ ಆಮ್ಲ ಕಡಿಮೆ ಇರುವುದರಿಂದ ಅವರಿಗೆ ಸಿಟ್ರೇಟ್ ಹೊಂದುತ್ತದೆ. ಆ ಗ್ಯಾಸ್ ಮಾತ್ರೆ ಇನ್ನೂ ಬೇಕೇ ಎಂಬ ಪ್ರಶ್ನೆಯನ್ನೂ ವೈದ್ಯರ ಮುಂದಿಡಬೇಕು; ಹಲವರ ವಿಷಯದಲ್ಲಿ ಅದು ಯಾರೂ ನಿಲ್ಲಿಸಲು ಹೇಳದೆ ಮುಂದುವರಿದ ಮಾತ್ರೆ. ಒಂದು ಹೊತ್ತಿಗೆ 500ಕ್ಕಿಂತ ಹೆಚ್ಚು ಬೇಡ. ಎರಡು ಮಾತ್ರೆ ಬೇಕಿದ್ದರೆ ಎರಡು ಊಟಕ್ಕೆ ಹಂಚಿ.

ಬೇರೆ ಮಾತ್ರೆಗಳೊಂದಿಗಿನ ಅಂತರದಲ್ಲಿ ತಪ್ಪಿದರೆ ಆ ಮಾತ್ರೆಗಳ ಫಲ ಕಡಿಮೆಯಾಗುತ್ತದೆ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂಗೂ ನಾಲ್ಕು ಗಂಟೆಯ ಅಂತರ ಇರಲಿ. ಕಬ್ಬಿಣಾಂಶದ ಮಾತ್ರೆಗೂ ಇದಕ್ಕೂ ಕನಿಷ್ಠ ಎರಡು ಗಂಟೆ. ಸಿಪ್ರೊಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್‌ನಂತಹ ಆ್ಯಂಟಿಬಯಾಟಿಕ್ ಬರೆದಾಗ ಕ್ಯಾಲ್ಸಿಯಂ ತಿನ್ನುತ್ತಿರುವುದನ್ನು ವೈದ್ಯರಿಗೆ ಹೇಳಿ, ಅಂತರ ಕೇಳಿಕೊಳ್ಳಿ. ಬಿಪಿಗೆ ಹೈಡ್ರೊಕ್ಲೋರೊಥಯಾಜೈಡ್ ಅಥವಾ ಕ್ಲೋರ್ಥಾಲಿಡೋನ್ ಇರುವ ಮಾತ್ರೆ ತಿನ್ನುವವರಲ್ಲಿ ರಕ್ತದ ಕ್ಯಾಲ್ಸಿಯಂ ಏರಬಹುದಾದ್ದರಿಂದ ಅವರು ಕೇಳದೆ ಆರಂಭಿಸಬಾರದು. ಮೂಳೆ ಸವೆತಕ್ಕೆ ವಾರಕ್ಕೊಮ್ಮೆ ಕೊಡುವ ಅಲೆಂಡ್ರೊನೇಟ್ ಮಾತ್ರೆಯನ್ನು ಬೆಳಿಗ್ಗೆ ಎದ್ದೊಡನೆ ಬರೀ ನೀರಿನಲ್ಲಿ ನುಂಗಿ, ಅರ್ಧ ಗಂಟೆ ಮಲಗದೆ, ಕಾಫಿಯನ್ನೂ ಕುಡಿಯದೆ ಇರಬೇಕು. ಕ್ಯಾಲ್ಸಿಯಂ ಅಂದಿನ ಮಧ್ಯಾಹ್ನಕ್ಕೆ.

ಥೈರಾಯ್ಡ್, ಕಬ್ಬಿಣಾಂಶ, ಕ್ಯಾಲ್ಸಿಯಂ ಮೂರೂ ಇರುವವರಿಗೆ ಹೊಂದುವ ಒಂದು ವೇಳಾಪಟ್ಟಿ: ಬೆಳಿಗ್ಗೆ 6ಕ್ಕೆ ಥೈರಾಯ್ಡ್ ಮಾತ್ರೆ, ಮಧ್ಯಾಹ್ನ 1.30ರ ಊಟದ ಜೊತೆ ಕ್ಯಾಲ್ಸಿಯಂ, ಸಂಜೆ 5ಕ್ಕೆ ನಿಂಬೆ ಪಾನಕದೊಂದಿಗೆ ಕಬ್ಬಿಣಾಂಶ, ಎರಡನೇ ಕ್ಯಾಲ್ಸಿಯಂ ಇದ್ದರೆ ರಾತ್ರಿ 8.30ರ ಊಟಕ್ಕೆ. ಸಂಜೆಯ ಕಾಫಿಯನ್ನು ಕಬ್ಬಿಣಾಂಶದಿಂದ ದೂರವಿಡಬೇಕು. ಇದನ್ನು ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದರೆ ಮನೆಯವರೂ ನೆನಪಿಸುತ್ತಾರೆ.

ಹಂತ 7: ಬಸಿರು ಮತ್ತು ಬಾಣಂತನದಲ್ಲಿ

ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿಯಂತೆ ಗರ್ಭಿಣಿಗೆ 14ನೇ ವಾರದಿಂದ ಆರಂಭಿಸಿ, ಹೆರಿಗೆಯ ನಂತರ ಆರು ತಿಂಗಳವರೆಗೆ, ದಿನಕ್ಕೆ ಎರಡು ಮಾತ್ರೆ: ಒಂದೊಂದರಲ್ಲಿ 500 ಮಿ.ಗ್ರಾಂ ಕ್ಯಾಲ್ಸಿಯಂ, 250 ಯೂನಿಟ್ ವಿಟಮಿನ್ ಡಿ. ಬೆಳಗಿನ ಮತ್ತು ಸಂಜೆಯ ಊಟದ ಜೊತೆ ಒಂದೊಂದು. ಸರ್ಕಾರಿ ಆಸ್ಪತ್ರೆಗಳಲ್ಲಿ ಇವನ್ನು ಉಚಿತವಾಗಿ ಕೊಡುತ್ತಾರೆ. ಸಿಗದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಕ್ಯಾಲ್ಸಿಯಂ ಕಡಿಮೆ ತಿನ್ನುವ ಗರ್ಭಿಣಿಯರಲ್ಲಿ ಇದು ಬಸಿರಿನಲ್ಲಿ ಬಿಪಿ ಏರುವ ಅಪಾಯವನ್ನೂ ತಗ್ಗಿಸುತ್ತದೆ. "ಮಾತ್ರೆ ತಿಂದರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ" ಎಂಬ ಮಾತಿಗೆ ಆಧಾರವಿಲ್ಲ.

ಹೆಚ್ಚಿನವರು ಕೈಬಿಡುವುದು ಹೆರಿಗೆಯಾದ ಮೇಲೆ. ಎದೆಹಾಲಿನಲ್ಲಿ ದಿನಕ್ಕೆ 200ರಿಂದ 300 ಮಿ.ಗ್ರಾಂ ಕ್ಯಾಲ್ಸಿಯಂ ಹೋಗುತ್ತಿರುವಾಗಲೇ ನಮ್ಮ ಹಲವು ಮನೆಗಳ ಬಾಣಂತನದ ಪಥ್ಯ ಮೊಸರನ್ನು ಶೀತವೆಂದು, ಸೊಪ್ಪನ್ನು ಮಗುವಿಗೆ ಆಗದೆಂದು ದೂರವಿಡುತ್ತದೆ, ಕೋಣೆಯ ಬಾಗಿಲು ಮುಚ್ಚಿ ಬಿಸಿಲನ್ನೂ ತಡೆಯುತ್ತದೆ. ಹಿರಿಯರೊಂದಿಗೆ ಜಗಳಕ್ಕಿಳಿಯುವ ಬದಲು ಪಥ್ಯದೊಳಗೇ ಒಪ್ಪಿತವಾದದ್ದನ್ನು ಹೆಚ್ಚಿಸಿ: ಬಿಸಿ ಹಾಲು, ಸಬ್ಬಸಿಗೆ ಸೊಪ್ಪು, ಎಳ್ಳಿನ ಪುಡಿ, ರಾಗಿ ಗಂಜಿ. ಮಾತ್ರೆಯನ್ನು ಮಾತ್ರ ಯಾವ ಪಥ್ಯಕ್ಕೂ ಬಿಡಬೇಡಿ.

ಹಂತ 8: ಮೂಳೆಗೆ ಕೆಲಸ ಕೊಡಿ

ಭಾರ ಬೀಳದ ಮೂಳೆ ಸಿಕ್ಕ ಕ್ಯಾಲ್ಸಿಯಂ ಅನ್ನು ಉಳಿಸಿಕೊಳ್ಳುವುದಿಲ್ಲ. ಬಿರುಸಿನ ನಡಿಗೆ, ಮೆಟ್ಟಿಲು ಹತ್ತುವುದು, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ವಾರಕ್ಕೆ ಎರಡು ಮೂರು ದಿನ ನೀರು ತುಂಬಿದ ಬಾಟಲಿಯನ್ನಾದರೂ ಎತ್ತುವ ವ್ಯಾಯಾಮ ಬೇಕು. ಈಜು, ಸೈಕಲ್ ತುಳಿತಗಳು ಹೃದಯಕ್ಕೆ ಒಳ್ಳೆಯವು, ಮೂಳೆಗೆ ಅಷ್ಟು ಸಾಲವು. ಬೆನ್ನುಮೂಳೆ ಈಗಾಗಲೇ ಸವೆದಿದೆಯೆಂದು ತಿಳಿದಿದ್ದರೆ ಪಶ್ಚಿಮೋತ್ತಾನಾಸನದಂತೆ ಮುಂದಕ್ಕೆ ಬಾಗುವ ಆಸನಗಳನ್ನು ಮಾಡಬೇಡಿ; ಬೆನ್ನುಮೂಳೆಯ ಮುಂಭಾಗ ಕುಸಿಯಬಹುದು.

ಹಂತ 9: ಯಾವ ಪರೀಕ್ಷೆ, ಯಾವಾಗ

ರಕ್ತದ ಕ್ಯಾಲ್ಸಿಯಂ ಸರಿಯಾಗಿದೆಯೆಂಬ ವರದಿ ಮೂಳೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ದೇಹದ ಕ್ಯಾಲ್ಸಿಯಂನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಮೂಳೆ ಮತ್ತು ಹಲ್ಲಿನಲ್ಲಿದೆ. ರಕ್ತದಲ್ಲಿ ಸ್ವಲ್ಪ ಕಡಿಮೆಯಾದೊಡನೆ ಪ್ಯಾರಾಥೈರಾಯ್ಡ್ ಹಾರ್ಮೋನು, ಬಿತ್ತನೆಗೆಂದು ಎತ್ತಿಟ್ಟ ಕಾಳನ್ನು ಊಟಕ್ಕೆ ತೆಗೆಯುವಂತೆ, ಮೂಳೆಯಿಂದ ತೆಗೆದು ರಕ್ತಕ್ಕೆ ಸೇರಿಸುತ್ತದೆ. ಹೀಗಾಗಿ ವರದಿ ಸಾಮಾನ್ಯವಾಗಿ ಸರಿಯಾಗಿಯೇ ಕಾಣುತ್ತದೆ.

ಮೂಳೆಯ ಸಾಂದ್ರತೆ ತಿಳಿಯಲು ಸೊಂಟ ಮತ್ತು ಬೆನ್ನುಮೂಳೆಯ ಡೆಕ್ಸಾ ಸ್ಕ್ಯಾನ್ ಎಂಬ ಎಕ್ಸ್-ರೇ ಪರೀಕ್ಷೆ ಬೇಕು. ಅದರ ವರದಿಯಲ್ಲಿನ ಟಿ ಸ್ಕೋರ್ (ಆರೋಗ್ಯವಂತ ಯುವತಿಯರ ಮೂಳೆಗೆ ಹೋಲಿಸಿದ ಅಂಕಿ) -1 ಅಥವಾ ಅದಕ್ಕಿಂತ ಮೇಲಿದ್ದರೆ ಸಹಜ, -1 ಮತ್ತು -2.5ರ ನಡುವೆ ಇದ್ದರೆ ಮೂಳೆ ತೆಳುವಾಗುತ್ತಿದೆ, -2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆತದ ಕಾಯಿಲೆ. ಉಚಿತ ಶಿಬಿರಗಳಲ್ಲಿ ಹಿಮ್ಮಡಿ ಇಟ್ಟು ಮಾಡುವ ಪರೀಕ್ಷೆಯಿಂದ ರೋಗ ನಿರ್ಧರಿಸಲಾಗದು. ಅಲ್ಲಿ ಕೆಂಪು ಬಂದಿತೆಂದು ಅಲ್ಲಿಯೇ ಮಾರುವ ಡಬ್ಬಿಯನ್ನು ಕೊಳ್ಳುವ ಬದಲು ಡೆಕ್ಸಾ ಬೇಕೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಅರವತ್ತೈದು ದಾಟಿದವರು, ನಲವತ್ತೈದಕ್ಕೂ ಮೊದಲೇ ಮುಟ್ಟು ನಿಂತವರು, ಎರಡೂ ಅಂಡಾಶಯ ತೆಗೆಸಿಕೊಂಡವರು, ಆಸ್ತಮಾಕ್ಕೋ ಸಂಧಿವಾತಕ್ಕೋ ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ತಿಂದವರು, ತಾಯಿಗೆ ಸೊಂಟದ ಮೂಳೆ ಮುರಿದಿದ್ದವರು ಇದನ್ನು ಮುಂದೂಡಬಾರದು. ಆಸ್ಟಿಯೊಪೊರೋಸಿಸ್ ಖಚಿತವಾದರೆ ಕ್ಯಾಲ್ಸಿಯಂ ಒಂದೇ ಚಿಕಿತ್ಸೆಯಾಗದು, ಮೂಳೆಯ ಔಷಧಿಯೂ ಬೇಕು. ಮರುಪರೀಕ್ಷೆಯನ್ನು ಅದೇ ಯಂತ್ರದಲ್ಲಿ ಮಾಡಿಸಿ, ಇಲ್ಲದಿದ್ದರೆ ಹೋಲಿಕೆ ಸಾಧ್ಯವಿಲ್ಲ.

ಕಡೆಗಣಿಸಬಾರದ ಲಕ್ಷಣಗಳು

ಉಗುರಿನ ಮೇಲಿನ ಬಿಳಿ ಚುಕ್ಕೆ ಕ್ಯಾಲ್ಸಿಯಂ ಕೊರತೆಯ ಗುರುತಲ್ಲ. ರಾತ್ರಿ ಮೀನಖಂಡ ಹಿಡಿದುಕೊಳ್ಳುವುದಕ್ಕೂ ಹಲವು ಕಾರಣಗಳಿವೆ. ನಿಜಕ್ಕೂ ಗಮನಿಸಬೇಕಾದವು ಬೇರೆ.

ವರ್ಷಕ್ಕೊಮ್ಮೆ ಗೋಡೆಗೆ ಒರಗಿ ಎತ್ತರ ಅಳೆಯಿರಿ. ಯೌವನದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರ್ ಕಡಿಮೆಯಾಗಿದ್ದರೆ, ಬೆನ್ನು ಗೂನಾಗುತ್ತಿದ್ದರೆ, ಬಿಂದಿಗೆ ಎತ್ತಿದಾಗ ಬೆನ್ನಿನಲ್ಲಿ ತಟ್ಟನೆ ನೋವು ಹುಟ್ಟಿ ವಾರಗಟ್ಟಲೆ ಉಳಿದರೆ ಬೆನ್ನುಮೂಳೆ ಕುಸಿದಿರುವ ಸಾಧ್ಯತೆಯಿದೆ. ನಿಂತಲ್ಲಿಂದ ಬಿದ್ದಷ್ಟಕ್ಕೇ ಮಣಿಕಟ್ಟು ಅಥವಾ ಸೊಂಟ ಮುರಿದರೆ, ಪ್ಲಾಸ್ಟರ್ ಬಿಚ್ಚಿದ ಮೇಲೆ ಮೂಳೆಯ ಪರೀಕ್ಷೆ ಆಗಲೇಬೇಕು. ನೆಲದಿಂದ ಏಳಲು ತೊಡೆಯಲ್ಲಿ ಬಲವಿಲ್ಲದಿದ್ದರೆ, ಮೂಳೆ ಒತ್ತಿದರೆ ನೋಯುತ್ತಿದ್ದರೆ, ನಡಿಗೆ ಓಲಾಡುತ್ತಿದ್ದರೆ ವಿಟಮಿನ್ ಡಿ ತೀವ್ರವಾಗಿ ಕಡಿಮೆಯಾಗಿರಬಹುದು.

ಮಾತ್ರೆ ತಿನ್ನುತ್ತಿರುವವರಿಗೆ ವಾಕರಿಕೆ, ಅತಿ ಬಾಯಾರಿಕೆ, ಪದೇ ಪದೇ ಮೂತ್ರ, ಬಿಡದ ಮಲಬದ್ಧತೆ, ಮಂಕು ಬಡಿದಂತಾಗುವುದು ಒಟ್ಟಾಗಿ ಕಾಣಿಸಿದರೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಎರಡನ್ನೂ ನಿಲ್ಲಿಸಿ ಅಂದೇ ವೈದ್ಯರನ್ನು ಕಾಣಬೇಕು. ಪಕ್ಕೆಯಿಂದ ತೊಡೆಸಂದಿಗೆ ಇಳಿಯುವ ನೋವು ಅಥವಾ ಮೂತ್ರದಲ್ಲಿ ರಕ್ತ ಕಂಡರೂ ಹಾಗೆಯೇ. ಥೈರಾಯ್ಡ್ ಶಸ್ತ್ರಚಿಕಿತ್ಸೆಯ ನಂತರದ ದಿನಗಳಲ್ಲಿ ತುಟಿಯ ಸುತ್ತ ಜುಮುಗುಟ್ಟಿದರೆ, ಕೈಬೆರಳು ಸೆಟೆದುಕೊಂಡರೆ, ಅದು ರಕ್ತದ ಕ್ಯಾಲ್ಸಿಯಂ ಕುಸಿದ ತುರ್ತು ಸ್ಥಿತಿ. ಮನೆಯಲ್ಲಿ ಮಾತ್ರೆ ಕೊಟ್ಟು ಕಾಯದೆ ನೇರವಾಗಿ ಆಸ್ಪತ್ರೆಗೆ ಹೋಗಿ, ತಿನ್ನುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನು ಜೊತೆಗೆ ಒಯ್ಯಿರಿ.